ಆ ಡ್ಯೂಟಿ ಲಿಸ್ಟ್ ಬರೆದವಳು ನಾನು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು.

ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಮೂವತ್ತಮೂರು ವರ್ಷ ನರ್ಸ್ ಆಗಿ ದುಡಿದು 2022ರಲ್ಲಿ ನಿವೃತ್ತಳಾದವಳು ನಾನು. ಕೊನೆಯ ಐದು ವರ್ಷ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಆಸ್ಪತ್ರೆಯಲ್ಲಿ ಎಲ್ಲರೂ ಎನ್.ಎಸ್. ಮೇಡಂ ಅನ್ನುತ್ತಿದ್ದರು. ಎನ್.ಎಸ್. ಆದವಳು ಮಾಡಬೇಕಾದ ಕೆಲಸಗಳಲ್ಲಿ ಡ್ಯೂಟಿ ಲಿಸ್ಟ್ ಬರೆಯುವುದು ಒಂದು. ಯಾರಿಗೆ ಬೆಳಿಗ್ಗೆ, ಯಾರಿಗೆ ಮಧ್ಯಾಹ್ನ, ಯಾರಿಗೆ ನೈಟ್, ಯಾರು ಯಾವ ವಾರ್ಡಿಗೆ. ತಿಂಗಳ ಕೊನೆಗೆ ಸ್ಕೇಲ್ ಇಟ್ಟು ಗೆರೆ ಎಳೆದು ನಾನೇ ಕೈಯಾರೆ ಬರೆಯುತ್ತಿದ್ದೆ. ಅಂಥದೊಂದು ಲಿಸ್ಟಿನ ಬಗ್ಗೆ ಈ ಪತ್ರ.

ಇಲ್ಲಿ ನನ್ನ ಹೆಸರು ಹಾಕಿಲ್ಲ. ಹಾಕಿದರೆ ಆಸ್ಪತ್ರೆ ಯಾವುದೆಂದು ಊರಿಗೆಲ್ಲ ತಿಳಿಯುತ್ತದೆ, ತೀರಿಹೋದ ಒಬ್ಬ ಹುಡುಗಿಯ ಮನೆಯವರು ಮತ್ತೆ ಜನರ ಬಾಯಿಗೆ ಬೀಳುತ್ತಾರೆ. ಹೆಸರು, ವಿಳಾಸ, ಸರ್ಕಾರಿ ನೌಕರರಿಗೆ ಕೊಡುವ ಕೆ.ಜಿ.ಐ.ಡಿ. ನಂಬರ್ ಸಮೇತ ಇದೇ ಪತ್ರವನ್ನು ತಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೇನೆ.

2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು. ಕೆಲವೇ ದಿನಗಳಲ್ಲಿ, ಅವರಿಗೆ ಚಿಕಿತ್ಸೆ ಕೊಟ್ಟಿದ್ದ ವೈದ್ಯರಿಗೂ ಸೋಂಕು ತಗುಲಿದೆ ಎಂಬ ಸುದ್ದಿ ಬಂತು. ಆ ಸುದ್ದಿ ಓದಿದ ದಿನ ನಮ್ಮ ಆಸ್ಪತ್ರೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಹಾಸಿಗೆಯ ಹತ್ತಿರ ಡಾಕ್ಟರು ನಿಲ್ಲುವುದು ಹತ್ತು ನಿಮಿಷವಾದರೆ, ಬಿ.ಪಿ. ನೋಡಿ, ಡ್ರಿಪ್ ಹಾಕಿ, ವಾಂತಿ ಒರೆಸಿ, ಮಗ್ಗುಲು ಹೊರಳಿಸಿ ಗಂಟೆಗಟ್ಟಲೆ ನಿಲ್ಲುವವರು ನಾವು. ಲೆಕ್ಕ ಎಲ್ಲರಿಗೂ ಅರ್ಥವಾಗಿತ್ತು.

ಆ ತಿಂಗಳ ಕೊನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಸಲಹೆಯಂತೆ ನಮಗೆಲ್ಲ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟರು. ಮೊದಲ ದಿನ 400 ಮಿ.ಗ್ರಾಂ. ಎರಡು ಸಲ, ಆಮೇಲೆ ವಾರಕ್ಕೊಂದರಂತೆ ಏಳು ವಾರ. ಅದರಿಂದ ಸೋಂಕು ತಡೆಯಲು ಆಗುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ಕೊಟ್ಟವರನ್ನು ನಾನು ದೂರುವುದಿಲ್ಲ, ಆಗ ಯಾರಿಗೂ ಏನೂ ತಿಳಿದಿರಲಿಲ್ಲ. ಕೋವಿಡ್ ವಾರ್ಡಿಗೆ ಯಾರನ್ನು ಹಾಕುವುದು ಎಂಬ ಪ್ರಶ್ನೆ ಬಂದಾಗ ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು, ಬಾಣಂತಿಯರು ಬೇಡ ಎಂದು ಬಿಟ್ಟೆವು. ಉಳಿದವರು ಯಾರು? ಇಪ್ಪತ್ತೈದು, ಇಪ್ಪತ್ತೆಂಟು ವಯಸ್ಸಿನ ಹುಡುಗಿಯರು. ಅವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ವರ್ಷ ವರ್ಷ ಕರಾರು ನವೀಕರಣವಾಗಬೇಕಾದವರಿಗೆ "ನಾನು ಹೋಗಲ್ಲ" ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಆ ಲಿಸ್ಟ್ ಬರೆಯುವಾಗ ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ನನಗೆ ಸೋಂಕು ಬಂದದ್ದು ಆ ವರ್ಷದ ಆಗಸ್ಟಿನಲ್ಲಿ. ಆಗ 58 ವರ್ಷ, ಸಕ್ಕರೆ ಬೇರೆ. ನಾನು ಕೋವಿಡ್ ವಾರ್ಡಿನೊಳಗೆ ಕಾಲಿಟ್ಟವಳಲ್ಲ. ಸ್ಟೋರಿನಲ್ಲಿ ಪಿ.ಪಿ.ಇ. ಕಿಟ್, ಅಂದರೆ ಮೈಯೆಲ್ಲ ಮುಚ್ಚುವ ರಕ್ಷಣಾ ಉಡುಪು, ಎಣಿಸಿ ಕೊಡುವುದು, ಡ್ಯೂಟಿ ರೂಮಿನಲ್ಲಿ ಹುಡುಗಿಯರ ಜೊತೆ ಕೂತು ಒಂದು ಲೋಟ ಟೀ ಕುಡಿಯುವುದು, ಇಷ್ಟೇ ನನ್ನ ಓಡಾಟ. ಆಸ್ಪತ್ರೆಯ ಕಾರಿಡಾರಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವುದು ಫಿನಾಯಿಲ್ ವಾಸನೆ. ಮೂವತ್ತು ವರ್ಷ ಬಡಿದದ್ದು ಅವತ್ತು ಬೆಳಿಗ್ಗೆ ಬಡಿಯಲಿಲ್ಲ. ನಿಂತಲ್ಲೇ ನಿಂತು ಸ್ಯಾನಿಟೈಸರ್ ಮೂಸಿ ನೋಡಿದೆ. ಅದೂ ಇಲ್ಲ. ಯಾರನ್ನೂ ಮುಟ್ಟದೆ, ಯಾರ ಹತ್ತಿರವೂ ಹೋಗದೆ ನೇರ ಸ್ವಾಬ್ ಕೊಡುವ ಕಿಟಕಿಗೆ ನಡೆದೆ.

ನನಗೂ 'ಪಿ' ಎಂದು ಶುರುವಾಗುವ ಒಂದು ರೋಗಿ ನಂಬರ್ ಬಂತು. ಸೋಂಕು ಹೇಗೆ ಬಂತು ಎಂಬ ಕಡೆ 'ವಿಷಮಶೀತ ಜ್ವರ', ಅಂದರೆ ಫ್ಲೂ ತರದ ಜ್ವರ, ಎಂದು ಬರೆದಿದ್ದರು. ಆಸ್ಪತ್ರೆಯ ಕೆಲಸದಿಂದ ಎಂದು ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಆಗ ನಾನು ಅದನ್ನು ಗಮನಿಸಲಿಲ್ಲ. ಜೀವ ಉಳಿದರೆ ಸಾಕು ಅನ್ನುವ ಸ್ಥಿತಿ. ನನ್ನಿಂದ ನಮ್ಮ ಯಜಮಾನರಿಗೂ ಬಂತು. ನಾವಿಬ್ಬರೂ ಉಳಿದೆವು.

ನಾನೇ ಹಾಸಿಗೆ ಲೆಕ್ಕ ಹಾಕಿ ಸಜ್ಜು ಮಾಡಿಸಿದ್ದ ವಾರ್ಡಿನಲ್ಲಿ ಹನ್ನೊಂದು ದಿನ ಮಲಗಿದೆ. ಮಲಗಿದ ಮೇಲೆ ತಿಳಿದ ಸಂಗತಿಗಳು, ಅಷ್ಟು ವರ್ಷ ನಿಂತುಕೊಂಡು ತಿಳಿಯದೇ ಇದ್ದವು. ಕಿಟ್ ಹಾಕಿಕೊಂಡವರ ಮುಖ ಕಾಣುವುದಿಲ್ಲ. ಕನ್ನಡಕದ ಒಳಗೆ ಬೆವರಿನ ಹಬೆ. ಬೆನ್ನ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಂಡಿರುತ್ತಾರೆ, ಮಲಗಿದವರಿಗೆ ಬೆನ್ನು ಕಾಣುವುದು ಅವರು ಬಿಟ್ಟು ಹೋಗುವಾಗ. ಆರು ಗಂಟೆ ನೀರಿಲ್ಲ, ಮೂತ್ರಕ್ಕೆ ಹೋಗುವಂತಿಲ್ಲ. ಮುಟ್ಟಿನ ದಿನಗಳಲ್ಲೂ ಅಷ್ಟೇ. ಹಾಗಿದ್ದೂ ಅವರು ನನ್ನ ಹತ್ತಿರ ಬಂದು ಕೂರುತ್ತಿದ್ದರು. ಹೊಟ್ಟೆಗೆ ಇಂಜೆಕ್ಷನ್ ಕೊಡುವಾಗ ಒಬ್ಬಳು, "ಮೇಡಂ, ಸ್ವಲ್ಪ ಚುರುಕ್ ಅನ್ಸುತ್ತೆ, ಉಸಿರು ಬಿಡಿ" ಅಂದಳು. ದನಿಯಲ್ಲೇ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ಗುತ್ತಿಗೆ ಮೇಲೆ ಸೇರಿದ್ದ ಹುಡುಗಿ. ಆ ಮಾತು ಅವಳಿಗೆ ಹೇಳಿಕೊಟ್ಟವಳು ನಾನೇ. ರಾತ್ರಿ ಆಮ್ಲಜನಕದ ಮಟ್ಟ 88ಕ್ಕೆ ಇಳಿದಾಗ, "ಬೋರಲು ಮಲಗಿ ಮೇಡಂ, ನಾನಿಲ್ಲೇ ಇರ್ತೀನಿ" ಎಂದು ದಿಂಬು ಜೋಡಿಸಿ, ಬೆಳಗಿನ ಜಾವದವರೆಗೂ ಸುತ್ತ ಸುತ್ತ ಬಂದು ಬೆರಳಿಗೆ ಮೀಟರ್ ಸಿಕ್ಕಿಸಿ ನೋಡಿದವಳು ಅವಳು.

ಈ ಪತ್ರದುದ್ದಕ್ಕೂ ಆ ಹುಡುಗಿ ಎಂದು ನಾನು ಕರೆಯುವುದು ಅವಳನ್ನೇ.

ಸಚಿವರೇ, ನರ್ಸ್‌ಗಳಿಗೆ ಸೋಂಕು ತಗುಲಿದ್ದು ಎಲ್ಲಿ ಎಂದು ಕೇಳಿದರೆ ಜನ ಕೋವಿಡ್ ವಾರ್ಡಿನಲ್ಲಿ ಎಂದುಕೊಳ್ಳುತ್ತಾರೆ. ನಾನು ಕಂಡದ್ದು ಬೇರೆ. ಕೋವಿಡ್ ವಾರ್ಡಿನೊಳಗೆ ಎಲ್ಲರೂ ಎಚ್ಚರವಾಗಿರುತ್ತಿದ್ದರು. ಅಪಾಯ ಶುರುವಾಗುತ್ತಿದ್ದುದು ಹೊರಗೆ ಬಂದ ಮೇಲೆ. ಕಿಟ್ ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಒಂದೊಂದು ಹಂತಕ್ಕೂ ಕೈ ತೊಳೆಯಬೇಕು, ಮಾಸ್ಕ್ ಕೊನೆಗೆ. ಆರು ಗಂಟೆ ಬೆಂದವರ ಕೈ ಮೊದಲು ಹೋಗುವುದೇ ಮುಖಕ್ಕೆ. ಬಿಚ್ಚುವ ಕೋಣೆ ಇಕ್ಕಟ್ಟು, ಫ್ಯಾನ್ ಇಲ್ಲ, ಕಿಟಕಿ ಇಲ್ಲ. ಅಲ್ಲಿಂದ ಡ್ಯೂಟಿ ರೂಮು. ಹಸಿದವರು ಮಾಸ್ಕ್ ತೆಗೆದು, ಒಂದೇ ಮೇಜಿನ ಸುತ್ತ ಕೂತು, ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಚಿತ್ರಾನ್ನ ಹಾಕಿಕೊಂಡು ತಿನ್ನುವರು. ಬೇಡ ಎಂದು ಹೇಗೆ ಹೇಳಲಿ? ದಿನಕ್ಕೆ ಅವರಿಗಿದ್ದ ಸುಖ ಅದೊಂದೇ.

ಅದಕ್ಕಿಂತ ದೊಡ್ಡ ಅಪಾಯವಿದ್ದದ್ದು ಕೋವಿಡ್ ಅಲ್ಲದ ವಾರ್ಡುಗಳಲ್ಲಿ. ಕಾಲು ಮುರಿದವರು, ಹೆರಿಗೆಗೆ ಬಂದವರು, ಅಪೆಂಡಿಕ್ಸ್ ಆಪರೇಷನ್‌ಗೆ ಬಂದವರು. ದಾಖಲಾಗುವಾಗ ರ‍್ಯಾಪಿಡ್ ಟೆಸ್ಟ್ ನೆಗೆಟಿವ್, ಮೂರನೇ ದಿನ ಜ್ವರ, ಕೆಮ್ಮು. ಎನ್95 ಮಾಸ್ಕುಗಳು ಕೋವಿಡ್ ಬ್ಲಾಕಿನ ಲೆಕ್ಕಕ್ಕೆ ಬರುತ್ತಿದ್ದವು. ಬೇರೆ ವಾರ್ಡಿನವರಿಗೆ ಮೂರು ಪದರದ ನೀಲಿ ಮಾಸ್ಕು. ಯಾರಾದರೂ ಕಾಡಿ ಬೇಡಿ ಒಂದು ಎನ್95 ಪಡೆದರೆ, ಅದನ್ನೇ ಕಾಗದದ ಕವರಿನಲ್ಲಿ ಹೆಸರು ಬರೆದಿಟ್ಟು ಒಣಗಿಸಿ ಮತ್ತೆ ಹಾಕಿಕೊಳ್ಳುತ್ತಿದ್ದರು.

2021ರ ಫೆಬ್ರವರಿ ಕೊನೆಗೆ ಆ ಹುಡುಗಿ ನನ್ನ ಕೋಣೆಗೆ ಬಂದಳು. ಬಾಗಿಲ ಹತ್ತಿರವೇ ನಿಂತು, "ಮೇಡಂ, ಮೂರು ತಿಂಗಳು" ಅಂದಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಎದ್ದು ಹೋಗಿ ಅವಳ ತಲೆ ಸವರಿದೆ. ಬಸುರಿಯನ್ನು ಕೋವಿಡ್ ವಾರ್ಡಿನಲ್ಲಿ ಇಡುವಂತಿರಲಿಲ್ಲ. ಅಷ್ಟು ತಿಂಗಳು ಅಲ್ಲೇ ದುಡಿದಿದ್ದಳು ಕೂಡ. ಮಾರ್ಚ್ ಲಿಸ್ಟಿನಲ್ಲಿ ಅವಳ ಹೆಸರನ್ನು ಹೆಂಗಸರ ಸರ್ಜಿಕಲ್ ವಾರ್ಡಿಗೆ ಬರೆದೆ. ಏಪ್ರಿಲ್ ಲಿಸ್ಟಿನಲ್ಲೂ ಅದೇ. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ.

ಜನವರಿ 16ರಿಂದ ಆರೋಗ್ಯ ಸಿಬ್ಬಂದಿಗೆ ಲಸಿಕೆ ಶುರುವಾಗಿತ್ತು. ಅವಳಿಗೆ ಸಿಗಲಿಲ್ಲ. ಆಗ ಬಸುರಿಯರಿಗೂ ಹಾಲುಣಿಸುವ ತಾಯಂದಿರಿಗೂ ಲಸಿಕೆ ಕೊಡುತ್ತಿರಲಿಲ್ಲ. ಬಸುರಿಯರಿಗೆ ಕೊಡಬಹುದು ಎಂಬ ಆದೇಶ ಬಂದದ್ದು ಆ ವರ್ಷದ ಜುಲೈ 2ರಂದು. ಅಷ್ಟರಲ್ಲಿ ಎರಡನೇ ಅಲೆ ಬಂದು ಹೋಗಿತ್ತು.

ಏಪ್ರಿಲ್ ಮೂರನೇ ವಾರ ಅವಳ ವಾರ್ಡಿನಲ್ಲಿ ಪಿತ್ತಕೋಶದ ಆಪರೇಷನ್ ಆಗಿದ್ದ ಒಬ್ಬ ಅಜ್ಜಿಗೆ ಉಸಿರು ಕಟ್ಟಿತು. ದಮ್ಮು ಇರಬೇಕೆಂದು ನೆಬುಲೈಸೇಷನ್ ಬರೆದರು, ಔಷಧಿಯನ್ನು ಹಬೆ ಮಾಡಿ ಮಾಸ್ಕಿನಿಂದ ಉಸಿರಿಗೆ ಕೊಡುವುದು. ನೈಟ್ ಡ್ಯೂಟಿಯಲ್ಲಿ ಇದ್ದವಳು ಅವಳೊಬ್ಬಳೇ. ಅಜ್ಜಿ ಹೆದರಿ ಕೈ ಬಿಡಲಿಲ್ಲವಂತೆ, ಇವಳು ಪಕ್ಕದಲ್ಲೇ ಕೂತು ಮೂಗಿಗೆ ಆ ಮಾಸ್ಕ್ ಹಿಡಿದುಕೊಂಡಿದ್ದಳು. ಹೊಗೆಯಂತೆ ಹೊರಬರುವ ಆ ಹಬೆಯಲ್ಲಿ ರೋಗಿಯ ಉಸಿರೂ ಇರುತ್ತದೆ. ಎರಡು ದಿನದ ನಂತರ ಅಜ್ಜಿಯ ಆರ್‌ಟಿಪಿಸಿಆರ್ ಪಾಸಿಟಿವ್ ಬಂತು. ಐದನೇ ದಿನ ಇವಳಿಗೆ ಜ್ವರ.

ಅದು ಯಾವ ಕಾಲ ಎಂದು ತಮಗೆ ನೆನಪಿಸಬೇಕಿಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಒಂದೇ ದಿನದಲ್ಲಿ ಅಷ್ಟು ಜನ ಸತ್ತದ್ದು ಆ ಮೇ ತಿಂಗಳ ಮೊದಲ ವಾರ. ನಮ್ಮಲ್ಲಿ ಹಾಸಿಗೆ ಇತ್ತು, ವೆಂಟಿಲೇಟರ್ ಇತ್ತು. ನಾವೆಲ್ಲ ಸುತ್ತ ನಿಂತಿದ್ದೆವು. ನನ್ನನ್ನು ಬೋರಲು ಮಲಗಿಸಿ ಉಳಿಸಿದವಳನ್ನು, ಆರು ತಿಂಗಳ ಹೊಟ್ಟೆ ಹೊತ್ತವಳನ್ನು, ಬೋರಲು ಮಲಗಿಸುವುದು ಹೇಗೆ? ಮಗ್ಗುಲಾಗಿ ಮಲಗಿಸಿದೆವು. ಮೇ ಎರಡನೇ ವಾರ ಅವಳೂ ಹೋದಳು, ಮಗುವೂ ಹೋಯಿತು.

ಇನ್ನು ಅರ್ಜಿಯ ಕಥೆ. ಕೇಂದ್ರ ಸರ್ಕಾರ 2020ರ ಮಾರ್ಚಿನಲ್ಲೇ ಗರೀಬ್ ಕಲ್ಯಾಣ್ ಪ್ಯಾಕೇಜಿನಡಿ ಆರೋಗ್ಯ ಸಿಬ್ಬಂದಿಗೆ 50 ಲಕ್ಷ ರೂಪಾಯಿಯ ವಿಮೆ ಘೋಷಿಸಿತ್ತು. ಗುತ್ತಿಗೆಯವರೂ, ದಿನಗೂಲಿಯವರೂ ಅದರಲ್ಲಿ ಸೇರಿದ್ದರು. ಒಳ್ಳೆಯ ಯೋಜನೆ, ಎಷ್ಟೋ ಮನೆಗಳಿಗೆ ಆಧಾರವಾಗಿದೆ. ಆದರೆ ತೀರಿಹೋದವರು ಕೋವಿಡ್ ರೋಗಿಗಳ ನೇರ ಸಂಪರ್ಕದಲ್ಲಿ, ಆರೈಕೆಯಲ್ಲಿ ಇದ್ದರು ಎಂದು ಸಂಸ್ಥೆ ಪ್ರಮಾಣಪತ್ರ ಕೊಡಬೇಕಿತ್ತು. ಅವಳ ಗಂಡ ಫಾರಂ ಹಿಡಿದು ಬಂದರು. ಕಚೇರಿಯವರು ಡ್ಯೂಟಿ ಲಿಸ್ಟ್ ತರಿಸಿದರು. ಏಪ್ರಿಲ್ 2021, ಅವಳ ಹೆಸರಿನ ಮುಂದೆ 'ಫೀಮೇಲ್ ಸರ್ಜಿಕಲ್'. ನನ್ನದೇ ಅಕ್ಷರ, ಕೆಳಗೆ ನನ್ನದೇ ಸಹಿ. ಕೋವಿಡ್ ಕರ್ತವ್ಯಕ್ಕೆ ನಿಯೋಜಿಸಿದ ದಾಖಲೆ ಇಲ್ಲ ಎಂದು ಕಡತ ವಾಪಸ್ ಬಂತು. ಆ ಅಜ್ಜಿಯ ಕೇಸ್ ಶೀಟ್, ಅಂದಿನ ರಾತ್ರಿಯ ರಿಪೋರ್ಟ್ ಬುಕ್ಕಿನ ಪುಟ ಎರಡನ್ನೂ ಜೆರಾಕ್ಸ್ ಮಾಡಿ ಒಂದು ಹೇಳಿಕೆ ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಆಗ ನಾನು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು. ನಿವೃತ್ತಿಗೆ ವರ್ಷವಿತ್ತು, ಪೆನ್ಷನ್ ಪೇಪರು ಓಡಾಡುತ್ತಿತ್ತು, ಸುಮ್ಮನಾದೆ. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೆ ಕೋಪವಿದೆ.

ನೆರೆಯ ಕೇರಳದ ಒಂದು ಸಂಗತಿ ನೋಡಿ. 2018ರ ಮೇ ತಿಂಗಳು, ಪೇರಾಂಬ್ರ ತಾಲ್ಲೂಕು ಆಸ್ಪತ್ರೆ. ಅಲ್ಲಿಗೆ ಬಂದಿದ್ದ ಜ್ವರದ ರೋಗಿಗೆ ನಿಪಾ ಎಂಬ ವೈರಸ್ ಸೋಂಕು ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆರೈಕೆ ಮಾಡಿದ ನರ್ಸ್ ಲಿನಿ ಅವರಿಗೆ ಸೋಂಕು ತಗುಲಿ ಮೇ 21ರಂದು ತೀರಿಕೊಂಡರು. ಅವರೂ ಕಾಯಂ ನೌಕರರಲ್ಲ. ಅದು ನಿಪಾ ವಾರ್ಡ್ ಆಗಿತ್ತೇ ಎಂದು ಅಲ್ಲಿನ ಸರ್ಕಾರ ಕೇಳಲಿಲ್ಲ. ಇಬ್ಬರು ಮಕ್ಕಳ ಹೆಸರಿಗೆ ತಲಾ 10 ಲಕ್ಷ ರೂಪಾಯಿ ಇಟ್ಟಿತು, ಗಂಡನಿಗೆ ಸರ್ಕಾರಿ ಕೆಲಸ ಕೊಟ್ಟಿತು. ನಮ್ಮ ಹುಡುಗಿಯ ಕಥೆಗೂ ಆ ಕಥೆಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಇದನ್ನು ದೆಹಲಿಗೆ ಬಿಟ್ಟು ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಎಷ್ಟು ಆರೋಗ್ಯ ಸಿಬ್ಬಂದಿಗೆ ಸೋಂಕು ಬಂತು, ಎಷ್ಟು ಜನ ಸತ್ತರು ಎಂದು 2020ರ ಸೆಪ್ಟೆಂಬರಿನಲ್ಲಿ ರಾಜ್ಯಸಭೆಯಲ್ಲಿ ಪ್ರಶ್ನೆ ಬಂದಾಗ, ಆರೋಗ್ಯ ರಾಜ್ಯಗಳ ವಿಷಯ, ಕೇಂದ್ರದ ಮಟ್ಟದಲ್ಲಿ ಆ ಮಾಹಿತಿ ಇಟ್ಟಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಉತ್ತರಿಸಿತು. ಸರಿ, ರಾಜ್ಯದ ವಿಷಯವಾದರೆ ರಾಜ್ಯವೇ ಬರೆದಿಡಬೇಕಲ್ಲವೇ? 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ ಸುಮಾರು 1,15,000 ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ಸತ್ತಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದೂ ಅಂದಾಜು. ಆ ಅಂದಾಜು 80,000ದಿಂದ 1,80,000ದವರೆಗೆ ಹರಡಿಕೊಂಡಿದೆ. ನಡುವೆ ಒಂದು ಲಕ್ಷ ಜೀವಗಳ ಅಂತರ. ಆಸ್ಪತ್ರೆಗಳು ಬರೆದಿಡದೆ ಹೋದರೆ ಆಗುವುದು ಹೀಗೆ.

ನಮಗೆ ಬರೆದಿಡುವುದು ಹೊಸದಲ್ಲ. ವಾರ್ಡಿನಲ್ಲಿ ಒಂದು ಥರ್ಮಾಮೀಟರ್ ಒಡೆದರೂ ಬ್ರೇಕೇಜ್ ಪುಸ್ತಕದಲ್ಲಿ ದಿನ, ಹೊತ್ತು, ಕಾರಣ ಬರೆದು ಸಹಿ ಹಾಕುತ್ತೇವೆ. ಸೂಜಿ ಚುಚ್ಚಿಕೊಂಡರೆ ಅದಕ್ಕೊಂದು ರಿಜಿಸ್ಟರ್ ಇದೆ. ಎಚ್.ಐ.ವಿ. ಭಯದ ಕಾಲದಲ್ಲಿ, ಚುಚ್ಚಿದ 72 ಗಂಟೆಯೊಳಗೆ ಔಷಧಿ ಶುರು ಮಾಡಬೇಕು ಎಂಬ ನಿಯಮದ ಜೊತೆಗೆ ಬಂದದ್ದು ಅದು. ಅದು ಬಂದ ಮೇಲೆ ನಮ್ಮ ಹುಡುಗಿಯರು ಸೂಜಿ ಚುಚ್ಚಿದ್ದನ್ನು ಮುಚ್ಚಿಡುವುದು ನಿಂತಿತು. ಆಸ್ಪತ್ರೆಯ ಕಸ ನಿರ್ವಹಿಸುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯವೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಹೇಳುತ್ತವೆ. ಕೋವಿಡ್ ಕಾಲದ ಕಿಟ್ಟು, ಔಷಧಿ ಖರೀದಿಯ ಬಗ್ಗೆ ತನಿಖೆ ಮಾಡಲು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರ ಆಯೋಗ 2023ರಲ್ಲಿ ರಚನೆಯಾಯಿತು, 2024ರಲ್ಲಿ ಮಧ್ಯಂತರ ವರದಿ ಕೊಟ್ಟಿತು. ಆ ಲೆಕ್ಕ ಆಗಲೇಬೇಕು. ಆ ಕಿಟ್ಟಿನೊಳಗೆ ಇದ್ದವರ ಲೆಕ್ಕವೂ ಆಗಬೇಕು ಎಂದು ಕೇಳುತ್ತಿದ್ದೇನೆ.

ಕಾನೂನಿಗೂ ಇದು ಹೊಸದಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವೃತ್ತಿಯಿಂದ ಬರುವ ರೋಗಗಳ ಪಟ್ಟಿ ಇತ್ತು. ಅದರಲ್ಲಿ ಮೊದಲನೆಯದೇ ಸಾಂಕ್ರಾಮಿಕ ರೋಗ, ಮೊದಲು ಹೇಳಿದ ಕೆಲಸವೇ ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸ. ಅಂಥ ಕೆಲಸದಲ್ಲಿದ್ದವರಿಗೆ ಅಂಥ ರೋಗ ಬಂದರೆ ಅದು ಕೆಲಸದಿಂದಲೇ ಬಂತು ಎಂದು ಹಿಡಿಯಬೇಕಿತ್ತು, ಅಲ್ಲ ಅನ್ನುವವರು ಅದನ್ನು ಸಾಬೀತು ಮಾಡಬೇಕಿತ್ತು. ನೂರು ವರ್ಷದ ಹಿಂದಿನ ಕಾಯ್ದೆ ಹಿಡಿದ ದಾರಿ ಅದು. ಕೋವಿಡ್‌ನಲ್ಲಿ ಅದು ತಲೆಕೆಳಗಾಯಿತು. ಸತ್ತವಳ ಗಂಡ ಕಚೇರಿ ಕಚೇರಿ ಅಲೆದು, ಅವಳಿಗೆ ರೋಗ ಎಲ್ಲಿಂದ ಬಂತೆಂದು ತೋರಿಸಬೇಕಾಯಿತು.

ಸಾಯದೇ ಉಳಿದವರ ಪಾಡು ಯಾವ ವಿಮೆಯಲ್ಲೂ ಇಲ್ಲ. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವವರಿದ್ದಾರೆ. ಸೋಂಕಿಗೆ ಮೊದಲು ಮೂವತ್ತು ರೋಗಿಗಳ ಔಷಧಿಯನ್ನು ಬಾಯಲ್ಲೇ ಹೇಳುತ್ತಿದ್ದ ಒಬ್ಬ ಸೀನಿಯರ್, ಈಗ ಪ್ರತಿ ಡೋಸಿಗೂ ಕೇಸ್ ಶೀಟ್ ಎರಡು ಸಲ ನೋಡುತ್ತಾರೆ. ಎಲ್ಲಿ ತಪ್ಪು ಮಾಡಿಬಿಡುತ್ತೇನೋ ಎಂದು ರಾತ್ರಿ ನಿದ್ದೆ ಬರುವುದಿಲ್ಲ ಅನ್ನುತ್ತಾರೆ. ಗುತ್ತಿಗೆಯವರಿಗೆ ಸೋಂಕಿನ ದಿನಗಳ ಸಂಬಳ ಕಡಿತವಾಯಿತು. ಮನೆ ಖಾಲಿ ಮಾಡಿ ಎಂದ ಮಾಲೀಕರ ಬಗ್ಗೆ ಬರೆಯುವುದಿಲ್ಲ, ಆಗ ಎಲ್ಲರಿಗೂ ಭಯವಿತ್ತು.

2020ರ ಮೇ 3ರಂದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮೇಲೆ ಹೆಲಿಕಾಪ್ಟರ್‌ನಿಂದ ಹೂವು ಸುರಿಸಿದ್ದನ್ನು ನಾವು ಡ್ಯೂಟಿ ರೂಮಿನ ಟಿ.ವಿ.ಯಲ್ಲಿ ನೋಡಿದೆವು. ನಮ್ಮ ಹುಡುಗಿಯರು ಅತ್ತರು, ನಾನೂ ಅತ್ತೆ. ಆ ಗೌರವ ನಿಜವಾದದ್ದು ಎಂದೇ ನಂಬಿದ್ದೇನೆ. ಆಮೇಲೆ ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ಶುಶ್ರೂಷಣಾಧಿಕಾರಿ ಎಂಬ ಹೆಸರು ಬಂತು. ಅದೂ ಸಂತೋಷವೇ.

ನಾನು ಕೇಳುವುದು ಹೆಚ್ಚಿಲ್ಲ. ರಾಜ್ಯದ ಪ್ರತಿ ಆಸ್ಪತ್ರೆಯಲ್ಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಸಿಬ್ಬಂದಿಗೆ ಕೆಲಸದಲ್ಲಿ ತಗುಲಿದ ಸೋಂಕಿಗೆ ಒಂದು ರಿಜಿಸ್ಟರ್ ಇರಲಿ. ಕೋವಿಡ್ ಒಂದಕ್ಕೇ ಅಲ್ಲ, ಕ್ಷಯಕ್ಕೂ, ಮುಂದೆ ಬರುವ ಯಾವುದಕ್ಕೂ. ಕಾಯಂನವರು, ಗುತ್ತಿಗೆಯವರು, ಹೊರಗುತ್ತಿಗೆಯ ಡಿ ಗ್ರೂಪ್ ನೌಕರರು, ಆಯಾಗಳು ಎಲ್ಲರ ಹೆಸರೂ ಅದರಲ್ಲಿ ಬರಲಿ. ಸೋಂಕು ಗೊತ್ತಾದ ದಿನವೇ ಬರೆದು, ಅದರ ಒಂದು ಪ್ರತಿ ಅವರ ಕೈಗೆ ಕೊಡಲಿ. ವಾರ್ಡಿನ ಹೆಸರು ಯಾವುದೇ ಇರಲಿ, ಆ ಪುಟವೇ ಪ್ರಮಾಣಪತ್ರವಾಗಲಿ. ಅವರ ಸಂಬಳ ಹಿಡಿಯಬಾರದು. ಇನ್ನೊಂದು, 2020 ಮತ್ತು 21ರಲ್ಲಿ ಡ್ಯೂಟಿ ಲಿಸ್ಟ್ ತೋರಿಸಿ ವಾಪಸ್ ಕಳಿಸಿದ ಕಡತಗಳನ್ನು ತೆರೆಸಿ, ಕೇಸ್ ಶೀಟ್ ಜೊತೆ ಇಟ್ಟು ಇನ್ನೊಮ್ಮೆ ಓದಿಸಿ. ಕೇಂದ್ರದ ವಿಮೆಯಲ್ಲಿ ದಾರಿ ಇಲ್ಲವೆಂದಾದರೆ ರಾಜ್ಯದ ಬೊಕ್ಕಸದಿಂದ ಕೊಡಿ.

ನಿವೃತ್ತಿಯಾದ ಮೇಲೆ ಇನ್ನೂರು ಪುಟದ ಒಂದು ಲಾಂಗ್ ಬುಕ್ ಕೊಂಡು ತಂದೆ. ಆ ಎರಡು ವರ್ಷ ನನ್ನ ಕೈಕೆಳಗೆ ದುಡಿದವರಿಗೆಲ್ಲ ಫೋನ್ ಮಾಡಿದೆ, ಕೆಲವರ ಮನೆಗೆ ಬಸ್ಸು ಹತ್ತಿ ಹೋದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಯಾವ ದಿನ ಜ್ವರ ಬಂತು, ಹಿಂದಿನ ವಾರ ಯಾವ ವಾರ್ಡ್, ಯಾವ ಮಾಸ್ಕ್ ಇತ್ತು, ಎಷ್ಟು ದಿನದ ಸಂಬಳ ಹೋಯಿತು, ಮನೆಯಲ್ಲಿ ಇನ್ನಾರಿಗೆ ಬಂತು. ಅದರ ಜೆರಾಕ್ಸ್ ಪ್ರತಿ ಸ್ಪೀಡ್ ಪೋಸ್ಟ್ ಲಕೋಟೆಯಲ್ಲಿದೆ. ಮೊದಲ ಪುಟ ಆ ಹುಡುಗಿಯದು. ಸೋಂಕು ತಗುಲಿದ ಜಾಗ ಎಂಬಲ್ಲಿ 'ಹೆಂಗಸರ ಸರ್ಜಿಕಲ್ ವಾರ್ಡ್, ರಾತ್ರಿ ಪಾಳಿ, ಕರ್ತವ್ಯದ ಮೇಲೆ' ಎಂದು ಬರೆದು ಸಹಿ ಮಾಡಿದ್ದೇನೆ. ಲಿಸ್ಟ್ ಬರೆದ ಕೈಯೇ ಇದನ್ನೂ ಬರೆದಿದೆ. ನನ್ನ ಸಹಿಯ ಕೆಳಗೆ ಸರ್ಕಾರದ ಸಹಿಗೆ ಜಾಗ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಆಸ್ಪತ್ರೆಯೊಂದರ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್